ಆಪರೇಟರಮ್ಮನ ಒಂಬತ್ತು ಹಾಡುಗಳು

ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ಬಂದವಳ ದನಿಯೇ ಹೋಗುತ್ತದೆ ಎಂದರೆ ಯಾರು ತಾನೇ ನಂಬುತ್ತಾರೆ? ಅವಳ ಗಂಡ ಫ್ರಿಜ್ ಮೇಸ್ತ್ರಿಯೂ ನಂಬಲಿಲ್ಲ. ಹೆಂಡತಿಗೆ ನುಂಗುವಾಗ ಏನೋ ಅಡ್ಡ ಸಿಕ್ಕಿದ ಹಾಗಾಗುತ್ತಿತ್ತು, ಬಲಗಿವಿಯಲ್ಲಿ ಒಂದು ನೋವು ಬಂದು ಹೋಗುತ್ತಿತ್ತು, ಅಷ್ಟೆ. ದನಿ ಮೊದಲಿನ ಹಾಗೇ ಇತ್ತು. ಸಂಜೆಯ ಹೊತ್ತಿಗೆ ಸ್ವಲ್ಪ ಒರಟಾಗುತ್ತಿತ್ತು, ದಿನವಿಡೀ ಮಾತಾಡುವವರಿಗೆ ಅದು ಇದ್ದದ್ದೇ ಎಂದು ಇಬ್ಬರೂ ಸುಮ್ಮನಿದ್ದರು.

ಡಾಕ್ಟರು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದರು. ಗಡ್ಡೆ ಧ್ವನಿಪೆಟ್ಟಿಗೆಗೆ ಅಂಟಿಕೊಂಡು ಹಿಂದೆ ಕೂತಿದೆ. ಪೆಟ್ಟಿಗೆಯನ್ನು ಉಳಿಸಿ ಅದನ್ನಷ್ಟೇ ತೆಗೆಯುವ ದಾರಿ ಇಲ್ಲ. ಆಮೇಲೆ ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದಲೇ ಉಸಿರಾಡಬೇಕು. ಮೂಗಿಗೂ ಬಾಯಿಗೂ ಗಾಳಿಯ ಸಂಬಂಧ ಇರುವುದಿಲ್ಲ. ಮಾತೂ ಇಲ್ಲ.

"ಊಟ ಮಾಡಬಹುದಾ?" ಎಂದು ಕೇಳಿದಳು ಅವಳು.

"ಮಾಡಬಹುದು. ನಿಧಾನಕ್ಕೆ."

"ಸರಿ ಹಾಗಾದ್ರೆ," ಎಂದಳು, ಯಾರದೋ ಫೋನನ್ನು ಯಾವುದೋ ವಾರ್ಡಿಗೆ ಕೊಟ್ಟು ಮುಗಿಸಿದವಳಂತೆ.

ಆಪರೇಷನ್‌ಗೆ ಮೂರು ವಾರ ಇತ್ತು. ಮನೆಗೆ ಬಂದವಳೇ ಬೀರುವಿನ ಕೆಳಗಿನ ಅರೆಯಿಂದ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟೊಂದನ್ನು ತೆಗೆದಳು. ಆಸ್ಪತ್ರೆಯಲ್ಲಿ ಬಂದ ಕರೆಗಳನ್ನು ಬರೆದಿಡುವ ಚೀಟಿಗಳು ಅವು. ಅವುಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಸಾಲುಗಳಿದ್ದವು.

"ಏನಿದು?" ಎಂದ ಮೇಸ್ತ್ರಿ.

"ಹಾಡು."

"ಯಾರದ್ದು?"

"ನನ್ನದೇ. ಫೋನ್ ಬಾರದ ಹೊತ್ತಲ್ಲಿ ಬರೆದದ್ದು. ರಾಗವೂ ನಾನೇ ಹಾಕ್ಕೊಂಡಿದ್ದೀನಿ."

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ!"

"ನೀವು ಕೇಳ್ಲಿಲ್ಲ," ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ.

ಅಡುಗೆಮನೆಯಲ್ಲಿ ಅವಳು ಗುನುಗುವುದನ್ನು ಮೇಸ್ತ್ರಿ ಎಷ್ಟೋ ಸಲ ಕೇಳಿದ್ದ. ರೇಡಿಯೋದ ಯಾವುದೋ ಹಾಡಿರಬೇಕು ಎಂದುಕೊಂಡಿದ್ದ. ಅವನ ಕಿವಿ ಬೇರೆ ಸದ್ದುಗಳಿಗೆ ಪಳಗಿದ್ದ ಕಿವಿ. ಹತ್ತು ಹೆಜ್ಜೆ ದೂರದಿಂದಲೇ ಯಾವ ಫ್ರಿಜ್ಜಿನ ಕಂಪ್ರೆಸರ್ ಸಾಯಲು ಹೊರಟಿದೆ ಎಂದು ಹೇಳಬಲ್ಲವನಿಗೆ, ಪಕ್ಕದ ಕೋಣೆಯಲ್ಲಿ ಹೆಂಡತಿ ಹಾಡು ಕಟ್ಟುತ್ತಿದ್ದಾಳೆಂದು ತಿಳಿದಿರಲಿಲ್ಲ.

ಅವಳ ತಮ್ಮ ಬಸ್ ಡ್ರೈವರ್. ಬಿಡುವಿನಲ್ಲಿ ಗಿಟಾರ್ ಬಾರಿಸುವ ಹುಚ್ಚು. ಸುದ್ದಿ ಕೇಳಿ ಓಡಿ ಬಂದವನು ಅಕ್ಕನ ಮುಂದೆ ಅಳದೆ, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಮರುದಿನ ಸ್ನೇಹಿತನ ಹತ್ತಿರದಿಂದ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಸೇರಿಸುವ ಸಣ್ಣ ಪೆಟ್ಟಿಗೆ, ಹೆಡ್‌ಫೋನು ಎಲ್ಲ ಹೊತ್ತು ತಂದ. "ಅಕ್ಕಾ, ನಾನು ಬಾರಿಸ್ತೀನಿ, ನೀನು ಹಾಡು. ಭಾವ ಬೀಸಣಿಗೆ ಬೀಸ್ಲಿ," ಎಂದ.

ಮಲಗುವ ಕೋಣೆಯೇ ಸ್ಟುಡಿಯೋ ಆಯಿತು. ಬೀರುವಿನ ಬಾಗಿಲು ತೆರೆದು ಅದರ ಮೇಲೆ ಎರಡು ರಜಾಯಿ ಇಳಿಬಿಟ್ಟರು. ಕಿಟಕಿಗೆ ಹಾಸಿಗೆ ಒರಗಿಸಿದರು. ಫ್ಯಾನು ಬಂದ್, ಫ್ರಿಜ್ಜು ಬಂದ್; ಅದನ್ನು ಮತ್ತೆ ಹಾಕಲು ಮರೆತು ಎರಡು ಸಲ ಹಾಲು ಒಡೆಯಿತು. "ಫ್ರಿಜ್ ಮೇಸ್ತ್ರಿ ಮನೇಲೇ ಹಾಲು ಕೆಡುತ್ತೆ ಅಂದ್ರೆ ನಿಮ್ಮನ್ನ ಯಾರು ಕೆಲಸಕ್ಕೆ ಕರೀತಾರೆ ಭಾವ?" ಎಂದು ಡ್ರೈವರ್ ಕಾಲೆಳೆದ. ಅವಳು ಜೋರಾಗಿ ನಕ್ಕಳು.

ಹದಿನೇಳು ದಿನಗಳಲ್ಲಿ ಒಂಬತ್ತು ಹಾಡುಗಳಾದವು. ಮೈಯಲ್ಲಿ ಶಕ್ತಿಯಿದ್ದ ದಿನ ನಿಂತು ಹಾಡಿದಳು. ಇಲ್ಲದ ದಿನ ಮಂಚದ ಮೇಲೆ ಒರಗಿ ಹಾಡಿದಳು. ಕೊನೆಯ ಎರಡನ್ನು ಮಲಗಿಯೇ ಹಾಡಿದಳು, ಮೇಸ್ತ್ರಿ ಮೈಕನ್ನು ಅವಳ ತುಟಿಯ ಹತ್ತಿರ ಹಿಡಿದುಕೊಂಡಿದ್ದ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಹಾಕಿ ಕೇಳಿದರೆ ಒಂದು ಹಾಡು ಕಿವಿಯ ಪಕ್ಕದಲ್ಲೇ ಇತ್ತು, ಇನ್ನೊಂದು ಪಕ್ಕದ ಮನೆಯಲ್ಲಿತ್ತು.

"ಒಬ್ಬಳೇ ಹಾಡಿದ ಹಾಗಿಲ್ಲ ಇದು," ಎಂದಳು ಅವಳು. "ಎಲ್ಲಾನೂ ಒಂದೇ ಕೂತಲ್ಲಿ ಕೇಳೋ ಹಾಗೆ ಮಾಡ್ಸಿ. ನಮ್ಮ ಆಸ್ಪತ್ರೆಯವರಿಗೆ ಒಂದೊಂದು ಪ್ರತಿ ಕೊಡ್ಬೇಕು. ಪಾಪ, ಅವರು ಇಷ್ಟು ವರ್ಷ ನನ್ನ ಬಾಯಲ್ಲಿ 'ಹಲೋ, ಯಾರು ಬೇಕು' ಬಿಟ್ರೆ ಬೇರೇನೂ ಕೇಳಿಲ್ಲ."

"ಅದಕ್ಕೆ ಮಾಸ್ಟರಿಂಗ್ ಅಂತಾರೆ ಅಕ್ಕಾ," ಎಂದ ಡ್ರೈವರ್.

ಆಪರೇಷನ್ ದಿನ ಬೆಳಿಗ್ಗೆ ಅವಳನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ಮೇಸ್ತ್ರಿ ಜೊತೆಯಲ್ಲೇ ನಡೆದ. ಏನಾದರೂ ಹೇಳುತ್ತಾಳೆ, ಅದನ್ನು ಸಾಯುವವರೆಗೂ ಇಟ್ಟುಕೊಳ್ಳಬೇಕು ಎಂದು ಕಾದ. ಬಾಗಿಲಿನ ಹತ್ತಿರ ಅವಳು ತಲೆ ಎತ್ತಿ, "ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ್ರಾ?" ಎಂದಳು.

"ಹಾಕಿದ್ದೀನಿ."

ಹಾಕಿರಲಿಲ್ಲ. ಅವಳ ಬಾಯಿಂದ ಬಂದ ಕೊನೆಯ ಮಾತಿಗೆ ತಾನು ಕೊಟ್ಟ ಉತ್ತರ ಸುಳ್ಳಾಗಿತ್ತು ಎಂಬುದು ಮನೆಗೆ ಹೋಗಿ ನೋಡಿದಾಗ ಅವನಿಗೆ ತಿಳಿಯಿತು.

*

ತಿಂಗಳ ಮೇಲೆ ಮನೆಗೆ ಬಂದಳು. ಕತ್ತಿನಲ್ಲಿ ನಳಿಕೆ, ಅದರ ಒಳಗೆ ಇನ್ನೊಂದು ನಳಿಕೆ. ಒಳಗಿನದನ್ನು ದಿನಕ್ಕೆ ನಾಲ್ಕು ಸಲ ತೆಗೆದು ತೊಳೆಯಬೇಕು. ಕಫ ಕಟ್ಟಿಕೊಂಡರೆ ಹೀರುವ ಯಂತ್ರ ಹಾಕಬೇಕು. ಕತ್ತಿಗೆ ಹಿಡಿದು ಮಾತಾಡುವ ಉಪಕರಣವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಒಂದೇ ದಿನ ಹಿಡಿದಳು. ಅದರಿಂದ ಬಂದ ಗರಗರ ಸದ್ದಿಗೆ ತಾನೇ ಬೆಚ್ಚಿ, ಡ್ರಾಯರಿಗೆ ಹಾಕಿ ಮುಚ್ಚಿದಳು. ಮಾತೆಲ್ಲ ಸ್ಲೇಟಿನ ಮೇಲೆ. ಮೇಸ್ತ್ರಿಯನ್ನು ಕರೆಯಬೇಕಾದರೆ ಸ್ಟೀಲ್ ಚಮಚದಿಂದ ಮಂಚದ ಕಬ್ಬಿಣದ ಕಾಲಿಗೆ ಬಡಿಯುತ್ತಿದ್ದಳು. ಎರಡು ಬಡಿತವೆಂದರೆ ನೀರು. ಮೂರೆಂದರೆ ಬನ್ನಿ.

ಮೇಸ್ತ್ರಿ ಬೆಳಗಿನ ಕೆಲಸ ಮಾತ್ರ ಒಪ್ಪಿಕೊಳ್ಳತೊಡಗಿದ. ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೈಕೈ ಹಿಸುಕಿಕೊಳ್ಳುತ್ತಿದ್ದವನಿಗೆ ಹಾಡುಗಳ ನೆನಪಾಯಿತು. ಡ್ರೈವರ್ ಕೊಟ್ಟ ವಿಳಾಸ ಹಿಡಿದು ಮಾಸ್ಟರಿಂಗ್ ಮಾಡುವವರನ್ನು ಹುಡುಕಿಕೊಂಡು ಹೋದ.

ಅದು ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿ. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆ. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಎರಡು ದೊಡ್ಡ ಸ್ಪೀಕರುಗಳ ಎದುರು ಕೂತಿದ್ದರು. ಮೇಸ್ತ್ರಿ ತಂದ ಹಾಡುಗಳಲ್ಲಿ ಎರಡನ್ನು ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗಿ ಹಾಡಿದ್ದಾರೆ. ಯಾರು?"

"ನಮ್ಮನೆಯವರು. ಈಗ... ಈಗ ಹಾಡಲ್ಲ."

ಮೇಡಂ ಕೆದಕಲಿಲ್ಲ. ಮಾಸ್ಟರಿಂಗ್ ಎಂದರೆ ಏನೆಂದು ಅವನಿಗೆ ಅರ್ಥವಾಗುವ ಹಾಗೆ ಹೇಳಿದರು. ಹಾಡಿನ ಒಳಗಿನದನ್ನು ಬದಲಿಸುವ ಕೆಲಸ ಇದಲ್ಲ. ಎಲ್ಲ ಮುಗಿದ ಮೇಲೆ, ಹೊರಗಿನವರ ಕಿವಿಯಿಂದ ಕೊನೆಯ ಸಲ ಕೇಳುವುದು. ಒಂದು ಹಾಡಿಗೂ ಇನ್ನೊಂದಕ್ಕೂ ಎತ್ತರ ತಗ್ಗು ಸರಿಮಾಡುವುದು. ಎಲ್ಲಿ ಮಂಕಾಗಿದೆ, ಎಲ್ಲಿ ಚುಚ್ಚುತ್ತದೆ ನೋಡುವುದು. ಯಾವುದರ ಹಿಂದೆ ಯಾವುದು ಬರಬೇಕು, ನಡುವೆ ಎಷ್ಟು ಮೌನ ಬಿಡಬೇಕು ಎಂದು ತೀರ್ಮಾನಿಸುವುದು. ದೊಡ್ಡ ಸ್ಪೀಕರಿನಲ್ಲೂ, ಅಡುಗೆಮನೆಯ ಸಣ್ಣ ರೇಡಿಯೋದಲ್ಲೂ, ಬಸ್ಸಿನಲ್ಲೂ ಅದು ಅದೇ ಹಾಡಾಗಿ ಕೇಳಬೇಕು.

"ಜೋರಾಗಿರೋದನ್ನ ಸ್ವಲ್ಪ ಅದುಮಿ, ಮೆಲ್ಲಗಿರೋದನ್ನ ಎತ್ತೋಕೆ ಇದೊಂದಿದೆ. ಕಂಪ್ರೆಸರ್ ಅಂತಾರೆ," ಎಂದರು ಪರದೆ ತೋರಿಸಿ.

ಮೇಸ್ತ್ರಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. "ಕಂಪ್ರೆಸರ್ ಬಗ್ಗೆ ನನಗೆ ಹೇಳ್ತೀರಾ ಮೇಡಂ? ಮೂವತ್ತು ವರ್ಷದಿಂದ ಅದರ ಜೊತೆ ಸಂಸಾರ ಮಾಡ್ತಿದ್ದೀನಿ."

"ಹಾಗಾದ್ರೆ ನಿಮಗೇ ಗೊತ್ತಲ್ಲ. ಜಾಸ್ತಿ ಒತ್ತಿದ್ರೆ ಏನಾಗುತ್ತೆ?"

"ಬಿಸಿಯಾಗಿ ಸುಟ್ಟು ಹೋಗುತ್ತೆ."

"ಇದೂ ಅಷ್ಟೆ. ಬಿಟ್ಟು ಹೋಗಿ, ನಾಲ್ಕು ದಿನದಲ್ಲಿ ಮಾಡಿಕೊಡ್ತೀನಿ."

ಆದರೆ ಮೇಸ್ತ್ರಿಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ತಾನೇ ಮಾಡುತ್ತೇನೆ, ದಾರಿ ತೋರಿಸಿದರೆ ಸಾಕು ಎಂದ. ಮೇಡಂ ಅವನ ಮುಖವನ್ನೇ ನೋಡಿದರು. "ಹಾಡಿದವರನ್ನ ಹತ್ತಿರದಿಂದ ಬಲ್ಲವರು ಈ ಕೆಲಸಕ್ಕೆ ಕೈ ಹಾಕಬಾರದು ಸರ್. ಅವರಿಗೆ ಹಾಡು ಕೇಳಿಸೋದಿಲ್ಲ, ಹಾಡಿದವರೇ ಕೇಳಿಸ್ತಾರೆ," ಎಂದರು. ಆದರೂ ಒಂದು ಹಾಳೆಯಲ್ಲಿ ಏನೇನು ಮಾಡಬೇಕೆಂದು ಬರೆದುಕೊಟ್ಟರು. ಒಂದು ಗಂಟೆ ಕೇಳಿದರೆ ಹತ್ತು ನಿಮಿಷ ಹೆಡ್‌ಫೋನ್ ತೆಗೆದು ಎದ್ದು ಓಡಾಡಬೇಕು ಎಂದೂ ಅದರಲ್ಲಿತ್ತು. ಉಳಿದದ್ದನ್ನೆಲ್ಲ ಮೇಸ್ತ್ರಿ ಚಾಚೂ ತಪ್ಪದೆ ಮಾಡಿದ, ಅದೊಂದನ್ನು ಬಿಟ್ಟು.

ಹೊರಗಿನ ಕೋಣೆಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತವನು ಏಳುತ್ತಲೇ ಇರಲಿಲ್ಲ. ಹೆಡ್‌ಫೋನ್ ಹಾಕಿದರೆ ಸಾಕು, ಅವಳು ಕಿವಿಯ ಒಳಗೇ ಹಾಡುತ್ತಿದ್ದಳು. ಒಂದು ಸಾಲನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದ. ತುಟಿ ಬಿಚ್ಚುವ ಸದ್ದು ಕೇಳಿಸುತ್ತಿತ್ತು. ನಗು ತಡೆದುಕೊಂಡು ಹಾಡಿದ ಜಾಗ ಗೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಷ್ಟು ಗಮನ ಕೊಟ್ಟು ಅವನು ಅವಳನ್ನು ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಬಟ್ಟೆ ಮಡಚುತ್ತಲೋ, ಸ್ಲೇಟು ಒರೆಸುತ್ತಲೋ ಇರುತ್ತಿದ್ದಳು. ಒಂದೆರಡು ಸಲ ಬಾಗಿಲಿಗೆ ಬಂದು ನಿಂತು, ಅವನ ಬೆನ್ನು ನೋಡಿ ಹಿಂದಿರುಗಿದ್ದಳು.

"ಕೇಳ್ತೀಯಾ?" ಎಂದು ಒಮ್ಮೆ ಹೆಡ್‌ಫೋನ್ ಚಾಚಿದ.

ತಲೆ ಅಡ್ಡ ಆಡಿಸಿದಳು.

"ಎಷ್ಟು ಚೆನ್ನಾಗಿದೆ ಗೊತ್ತಾ!"

ಸ್ಲೇಟಿನಲ್ಲಿ ಬರೆದಳು: "ಗೊತ್ತು. ನಾನೇ ಹಾಡಿದ್ದು."

*

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರು. ಅವಳಿಗೆ ಗಂಜಿ ಕೊಟ್ಟು, ನಳಿಕೆ ತೊಳೆದು ಹಾಕಿ, ಮೇಸ್ತ್ರಿ ಏಳನೆಯ ಹಾಡಿನ ಮುಂದೆ ಕೂತ. ಅದು ಒರಗಿ ಹಾಡಿದ ಹಾಡುಗಳಲ್ಲಿ ಕೊನೆಯದು, ಬಹಳ ಮೆಲ್ಲಗಿತ್ತು. ಎತ್ತಿ ಎತ್ತಿ ಕೇಳುತ್ತಿದ್ದಾಗ ಹಾಡಿನ ಅಡಿಯಲ್ಲಿ ಏನೋ ಬಡಿತ ಕೇಳಿಸಿತು. ಧಪ್, ಧಪ್. ಆ ದಿನ ಡ್ರೈವರ್ ಕಾಲಲ್ಲಿ ತಾಳ ಹಾಕಿರಬೇಕು, ಇಲ್ಲವೇ ಮೈಕಿನ ಕೋಲಿಗೆ ಯಾರದೋ ಕೈ ತಾಗಿರಬೇಕು ಎಂದುಕೊಂಡ. ಅಂಥ ತಳದ ಸದ್ದನ್ನು ಕಳೆಯುವುದು ಹೇಗೆ ಎಂದು ಮೇಡಂ ಹಾಳೆಯಲ್ಲಿ ಬರೆದಿದ್ದರು. ಅದಕ್ಕೆ ಪರದೆಯ ಮೇಲೆ ಒಂದು ಗುಂಡಿ ಇತ್ತು. ತಿರುಗಿಸಿದಷ್ಟೂ ಕೆಳಗಿನ ಸದ್ದುಗಳು ಕತ್ತರಿಸಿ ಹೋಗುತ್ತವೆ.

ಮೇಸ್ತ್ರಿ ಗುಂಡಿಯನ್ನು ಸ್ವಲ್ಪ ತಿರುಗಿಸಿದ. ಬಡಿತ ಇನ್ನೂ ಇತ್ತು. ಇನ್ನಷ್ಟು ತಿರುಗಿಸಿದ. ಸ್ವಲ್ಪ ಕ್ಷೀಣವಾಯಿತು. ಇನ್ನಷ್ಟು. ಬಡಿತದ ನಡುವೆ ಅಂತರ ಬಂತು. ಮತ್ತೊಂದಿಷ್ಟು ತಿರುಗಿಸಿದಾಗ ನಿಂತೇ ಹೋಯಿತು. ಕೆಲಸ ಕಲಿತೆನಲ್ಲ ಎಂದು ಅವನಿಗೆ ಖುಷಿಯಾಯಿತು. ಹಾಡನ್ನು ಮೊದಲಿನಿಂದ ಹಾಕಿ ಪೂರ್ತಿ ಕೇಳಿ, ಎಲ್ಲೂ ಬಡಿತವಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳಿಗೆ ಹೇಳೋಣವೆಂದು ಹೆಡ್‌ಫೋನ್ ತೆಗೆದ.

ಮನೆ ನಿಶ್ಶಬ್ದವಾಗಿತ್ತು. ಅವಳ ಉಸಿರಿನ ಸದ್ದೂ ಇರಲಿಲ್ಲ. ನಳಿಕೆಯ ಆ ಸೀಟಿಯಂಥ ಉಸಿರು ಆ ಮನೆಯಲ್ಲಿ ನಿಲ್ಲದೆ ಕೇಳುತ್ತಿದ್ದ ಸದ್ದು.

ಅವಳು ಮಂಚದಿಂದ ಕೆಳಗೆ ಬಿದ್ದಿದ್ದಳು. ಒಂದು ಕೈಯಲ್ಲಿ ಚಮಚ. ತುಟಿ ನೀಲಿಗಟ್ಟಿತ್ತು. ಹೀರುವ ಯಂತ್ರದ ಕಡೆಗೆ ಇನ್ನೊಂದು ಕೈ ಚಾಚಿಕೊಂಡಿತ್ತು, ಒಂದು ಗೇಣು ದೂರ. ಮೇಸ್ತ್ರಿಯ ತಲೆ ನಿಂತುಹೋದರೂ ಕೈ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಹತ್ತು ಸಲ ಮಾಡಿಸಿ ಕಲಿಸಿದ್ದರು. ಒಳನಳಿಕೆ ಎಳೆದು ತೆಗೆದ. ಒಣಗಿ ಗಟ್ಟಿಯಾದ ಕಫದ ಗಂಟು ಅದರಲ್ಲಿ ಕಟ್ಟಿಕೊಂಡಿತ್ತು. ಯಂತ್ರ ಹಾಕಿ ಹೀರಿಸಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಎದೆ ಒಮ್ಮೆ ಎದ್ದಿತು, ಕತ್ತಿನಿಂದ ಗಾಳಿ ಒಳಗೆ ನುಗ್ಗಿದ ಸದ್ದು ಬಂತು.

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ದೇವರು ದೊಡ್ಡವನು, ಸಮಯಕ್ಕೆ ಸರಿಯಾಗಿ ನೋಡಿದ್ದೀರಿ ಎಂದು ವಾರ್ಡಿನವರೆಲ್ಲ ಮೇಸ್ತ್ರಿಯ ಬೆನ್ನು ತಟ್ಟಿದರು. ಅವನು ಯಾರ ಮುಖವನ್ನೂ ನೋಡಲಿಲ್ಲ.

ಮನೆಗೆ ಬಂದ ದಿನ ಅವಳು ಸ್ಲೇಟು ಎಳೆದುಕೊಂಡು ಬರೆದಳು: "ನೀವು ಮನೇಲೇ ಇದ್ರಿ."

"ಹೂಂ."

ಒರೆಸಿ ಮತ್ತೆ ಬರೆದಳು: "ಅವಳ ಜೊತೆ ಇದ್ರಿ."

ಹೆಡ್‌ಫೋನಿನೊಳಗೆ ಹಾಡುವವಳ ಮಾತು ಇದು ಎಂದು ಮೇಸ್ತ್ರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗುಂಡಿ ತಿರುಗಿಸಿದ ವಿಷಯ ಆಗಲೂ ಅವನ ಬಾಯಿಂದ ಹೊರಡಲಿಲ್ಲ. ಅವಳು ಸ್ಲೇಟು ಮಗುಚಿ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಮೌನ ಅವನಿಗೆ ಈಗಾಗಲೇ ಪರಿಚಯವಾಗಿತ್ತು. ಇದು ಬೇರೆ ಮೌನ.

ಮರುದಿನವೇ ಮೇಸ್ತ್ರಿ ಕಂಪ್ಯೂಟರು, ಹೆಡ್‌ಫೋನು ಎಲ್ಲ ಒಂದು ಚೀಲಕ್ಕೆ ತುಂಬಿ ಮೂರನೆಯ ಮಹಡಿ ಹತ್ತಿದ. ಮೇಡಂ ಅವರ ಮೇಜಿನ ಮೇಲಿಟ್ಟು, "ನೀವೇ ಏನಾದ್ರೂ ಮಾಡಿ. ಇಲ್ಲ, ಅಳಿಸಿಬಿಡಿ," ಎಂದ. ಏನಾಯಿತು ಎಂದು ಕೇಳಿದ್ದಕ್ಕೆ ಆ ಭಾನುವಾರದ್ದನ್ನೆಲ್ಲ ಹೇಳಿದ, ಗುಂಡಿಯ ಕತೆಯನ್ನೂ. ಹೇಳುತ್ತ ಹೇಳುತ್ತ ಅವನ ಬೆರಳುಗಳು ಗಾಳಿಯಲ್ಲಿ ತಾವಾಗಿ ಗುಂಡಿ ತಿರುಗಿಸಿದವು.

ಮೇಡಂ ಸಮಾಧಾನ ಹೇಳಲಿಲ್ಲ. ಒಂದು ಲೋಟ ನೀರು ತಂದು ಮುಂದಿಟ್ಟರು. ಅವನು ಕುಡಿದ ಮೇಲೆ, "ಅವರ ಫೋನ್ ನಂಬರ್ ಕೊಡಿ," ಎಂದರು.

"ಅವಳು ಮಾತಾಡೋ ಹಾಗಿಲ್ಲ ಮೇಡಂ."

"ಬರೀಬಹುದಲ್ಲ?"

*

ಆ ಸಂಜೆ ಅವಳ ಮೊಬೈಲಿಗೆ ಒಂದು ಸಂದೇಶ ಬಂತು. ಎರಡನೆಯ ಹಾಡಿನ ಮೂರನೆಯ ಸಾಲಿನಲ್ಲಿರುವುದು 'ಹೊಳೆ'ಯೋ 'ಹೊಳೆವ'ವೋ ಎಂದು ಮೇಡಂ ಕೇಳಿದ್ದರು. ಅವಳು ಓದಿ ಫೋನನ್ನು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಎತ್ತಿಕೊಂಡು ಉತ್ತರ ಬರೆದಳು. ಕೂಡಲೇ ಇನ್ನಷ್ಟು ಪ್ರಶ್ನೆಗಳು ಬಂದವು: ನಾಲ್ಕನೆಯ ಹಾಡಿನ ಕೊನೆಯಲ್ಲಿ ದನಿ ಇಳಿಸಿದ್ದು ಬೇಕೆಂದೇ, ಇಲ್ಲ ಸುಸ್ತಾಗಿಯೇ? ಯಾವ ಹಾಡು ಮೊದಲು ಬರೆದದ್ದು? ಇದನ್ನು ಕೇಳುವವರು ಯಾರು?

ಇಪ್ಪತ್ತೆಂಟು ವರ್ಷ ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಟ್ಟು ಅಭ್ಯಾಸವಾದವಳು. ಬೆರಳುಗಳು ಓಡತೊಡಗಿದವು. ಮೇಸ್ತ್ರಿ ಬಾಗಿಲ ಹತ್ತಿರ ನಿಂತು ನೋಡಿದ. ಈ ಮೂರು ತಿಂಗಳಲ್ಲಿ ತಾನು ಹಾಡಿನ ಬಗ್ಗೆ ಅವಳನ್ನು ಇಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಹಾಡಿದವಳು ಸತ್ತವಳೆಂಬಂತೆ ನಡೆದುಕೊಂಡಿದ್ದ.

ಹತ್ತು ದಿನ ಹೀಗೇ ಪ್ರಶ್ನೆ ಉತ್ತರ ನಡೆಯಿತು. ಹನ್ನೊಂದನೆಯ ದಿನ ಸ್ಲೇಟಿನ ಮೇಲೆ ಬರೆದು ಅವನ ಮುಂದೆ ಹಿಡಿದಳು: "ನಾಳೆ ಅಲ್ಲಿಗೆ ಹೋಗೋಣ."

ಡ್ರೈವರ್ ರಜೆ ಹಾಕಿ ಬಂದ. ಮೂರು ಮಹಡಿ ಹತ್ತುವುದರಲ್ಲಿ ಅವಳು ನಾಲ್ಕು ಕಡೆ ನಿಂತಳು. ನಿಂತಾಗಲೆಲ್ಲ ಡ್ರೈವರ್, "ಸ್ಟಾಪ್ ಬಂತು, ಇಳಿಯೋರು ಇಳೀರಿ," ಎಂದ. ಮೇಡಂ ಅವಳನ್ನು ಎರಡು ಸ್ಪೀಕರುಗಳ ನಡುವಿನ ತಮ್ಮದೇ ಕುರ್ಚಿಯಲ್ಲಿ ಕೂರಿಸಿ, "ಅಕ್ಕಾ, ಮೊದಲು ಸರ್ ಮಾಡಿದ್ದು ಕೇಳಿ. ಆಮೇಲೆ ನಾನು ಮಾಡಿದ್ದು. ಯಾವುದು ಬೇಕು ಅಂತ ನೀವು ಹೇಳಿ," ಎಂದರು.

ಮೇಸ್ತ್ರಿ ಮಾಡಿದ್ದು ಶುರುವಾಯಿತು. ಅವನು ಅದನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಿರಲೇ ಇಲ್ಲ. ಮೊದಲ ಅಕ್ಷರದಿಂದಲೇ ದನಿ ಮುಖಕ್ಕೆ ಬಂದು ಬಡಿಯಿತು. ಮೆಲ್ಲಗೆ ಹೇಳಿದ ಸಾಲೂ, ಎತ್ತಿ ಹೇಳಿದ ಸಾಲೂ ಒಂದೇ ಮಟ್ಟದಲ್ಲಿ, ಗೋಡೆ ಕಟ್ಟಿದ ಹಾಗೆ. ಎರಡು ಸಾಲುಗಳ ನಡುವೆ ಉಸಿರೇ ಇಲ್ಲ. ಅವಳು ಹುಬ್ಬು ಗಂಟಿಕ್ಕಿ ಅರ್ಧ ಹಾಡು ಕೇಳಿ, ಕೈ ಎತ್ತಿ ನಿಲ್ಲಿಸಿದಳು. ಸ್ಲೇಟಿನಲ್ಲಿ ಬರೆದಳು: "ನಾನು ಯಾವತ್ತೂ ಕೂಗಿದವಳಲ್ಲ. ಇಷ್ಟು ಜೋರು ಯಾಕೆ?"

ಮೇಸ್ತ್ರಿ ಅದನ್ನು ಓದಿದ.

"ಎಲ್ಲರಿಗೂ ಕೇಳಿಸ್ಲಿ ಅಂತ," ಎಂದ. ಆಮೇಲೆ ತಡೆಯಲಾರದೆ, "ನನಗೇ ಕೇಳಿಸ್ಲಿಲ್ಲ," ಎಂದು ಶುರುಮಾಡಿ, ಡ್ರೈವರ್ ಮುಂದೆ, ಮೇಡಂ ಮುಂದೆ, ಎಲ್ಲ ಹೇಳಿಬಿಟ್ಟ. ಬಡಿತ ಕೇಳಿಸಿದ್ದು, ಹಾಡಿನೊಳಗಿನ ಸದ್ದೆಂದುಕೊಂಡದ್ದು, ಗುಂಡಿ ತಿರುಗಿಸಿದ್ದು, ಬಡಿತ ನಿಂತಾಗ ಖುಷಿಪಟ್ಟದ್ದು. ಡ್ರೈವರ್ ಕೂತಲ್ಲಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ.

ಅವಳು ಗಂಡನ ಮುಖವನ್ನೇ ನೋಡಿದಳು. ನಳಿಕೆಯಲ್ಲಿ ಉಸಿರು ವೇಗವಾಗಿ ಓಡಾಡಿತು. ಬಳಪ ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಕೊನೆಗೆ ಬರೆದದ್ದು ಇಷ್ಟು: "ನಲವತ್ತು ಬಡಿತದ ತನಕ ಎಣಿಸಿದೆ."

ಮೇಸ್ತ್ರಿ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವನನ್ನು ಮುಟ್ಟಲು ಅವಳು ಕೈ ಚಾಚಲಿಲ್ಲ. ಎದ್ದು ಹೊರಟೂ ಹೋಗಲಿಲ್ಲ. ಸ್ಲೇಟು ಒರೆಸಿ ಮೇಡಂ ಕಡೆ ತಿರುಗಿಸಿದಳು: "ನಿಮ್ಮದು ಹಾಕಿ."

ಮೇಡಂ ಮಾಡಿದ್ದರಲ್ಲಿ ಕೋಣೆ ಇತ್ತು. ರಜಾಯಿ ಇಳಿಬಿಟ್ಟ ಬೀರು, ಕಿಟಕಿಗೊರಗಿದ ಹಾಸಿಗೆ ಎಲ್ಲ ಇದ್ದ ಹಾಗಿತ್ತು. ನಿಂತು ಹಾಡಿದ ಹಾಡು, ಒರಗಿ ಹಾಡಿದ ಹಾಡು, ಮಲಗಿ ಹಾಡಿದ ಹಾಡು ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಬಂದವು. ಮೆಲ್ಲಗಿದ್ದದ್ದು ಮೆಲ್ಲಗೇ ಇತ್ತು, ಆದರೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಪ್ರತಿ ಸಾಲಿಗೂ ಮುಂಚೆ ಬಾಯಿಂದ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಅದನ್ನು ಕೇಳುತ್ತ ಅವಳು ತುಟಿಯನ್ನು ಸ್ವಲ್ಪ ತೆರೆದಳು. ಈಗ ಆ ದಾರಿಯಲ್ಲಿ ಗಾಳಿ ಬರುವಂತಿರಲಿಲ್ಲ. ಒಂಬತ್ತು ಹಾಡುಗಳನ್ನೂ ಅಲುಗಾಡದೆ ಕೇಳಿದಳು. ಕಣ್ಣಿಂದ ನೀರು ಇಳಿದು ಕತ್ತಿನ ಪಟ್ಟಿಯವರೆಗೂ ಬಂತು. ನಳಿಕೆಗೆ ತಾಗದಂತೆ ಮೇಡಂ ತಮ್ಮ ಕರವಸ್ತ್ರದಿಂದ ಒರೆಸಿದರು.

ಮುಗಿದ ಮೇಲೆ ಅವಳು ಎರಡು ತಿದ್ದುಪಡಿ ಹೇಳಿದಳು. ಮೂರನೆಯ ಹಾಡು ಕೊನೆಗೆ ಹೋಗಲಿ. ಆರನೆಯದು ಮುಗಿದ ಮೇಲೆ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರಲಿ, ಕೇಳಿದವರು ಉಸಿರು ಬಿಡಬೇಕು.

*

ಮೂವತ್ತೈದು ಪ್ರತಿ ಮಾಡಿಸಿದರು. ಅವಳೇ ಆಸ್ಪತ್ರೆಗೆ ಹೋಗಿ ವಾರ್ಡ್ ವಾರ್ಡಿಗೆ ಕೊಟ್ಟು ಬಂದಳು, ಡ್ರೈವರ್ ಜೊತೆಯಲ್ಲಿದ್ದ. ಅಡುಗೆಯವರು, ಕಸ ಗುಡಿಸುವವರು, ದೊಡ್ಡ ಡಾಕ್ಟರು, ಎಲ್ಲರಿಗೂ. ಕಾವಲುಗಾರ ಎದ್ದು ನಿಂತು ಸಲ್ಯೂಟ್ ಹೊಡೆದನಂತೆ. ಆ ದಿನ ಮನೆಗೆ ಬಂದವಳ ಮುಖದಲ್ಲಿ ಆಯಾಸದ ಜೊತೆಗೆ ಇನ್ನೇನೋ ಇತ್ತು. ಮೇಸ್ತ್ರಿ ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದ. ಅವಳು ಬೇಡವೆನ್ನಲಿಲ್ಲ.

ಕ್ಷಮಿಸಿದ್ದೇನೆಂದು ಅವಳು ಎಂದೂ ಬರೆಯಲಿಲ್ಲ. ಅವನೂ ಕೇಳಲಿಲ್ಲ. ತನ್ನ ಹಾಸಿಗೆಯನ್ನು ಅವಳ ಮಂಚದ ಪಕ್ಕಕ್ಕೇ ಎಳೆದುಕೊಂಡ. ಹಗಲಲ್ಲಿ ಅವಳು ಸ್ಲೇಟಿನಲ್ಲಿ ಹಳೆಯ ಕತೆಗಳನ್ನು ಬರೆಯುತ್ತಿದ್ದಳು, ಅವನು ಓದಿ ಮರುಪ್ರಶ್ನೆ ಹಾಕುತ್ತಿದ್ದ. ಪ್ರಶ್ನೆ ಕೇಳುವುದನ್ನು ಅವನು ತಡವಾಗಿ ಕಲಿತಿದ್ದ. ಏಳು ತಿಂಗಳು ಹೀಗೆ ಸಿಕ್ಕವು. ಆಮೇಲೆ ಗಡ್ಡೆ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಎರಡೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ಮೇಸ್ತ್ರಿಯ ಕೈ ಹಿಡಿದುಕೊಂಡೇ ಅವಳು ಹೋದಳು.

ಅವಳು ಹೋದ ಮೇಲೆ ಮೇಸ್ತ್ರಿ ಹಾಡುಗಳನ್ನು ಕೇಳಲಿಲ್ಲ. ಕೇಳಲು ಆಗಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಡ್ರೈವರ್ ವಾರಕ್ಕೊಮ್ಮೆ ಬಂದು ಹರಟೆ ಹೊಡೆದು ಹೋಗುತ್ತಿದ್ದ.

ವರ್ಷದ ಮೇಲೆ ಒಂದು ದಿನ ಯಾವುದೋ ಮನೆಗೆ ಫ್ರಿಜ್ ರಿಪೇರಿಗೆ ಹೋಗಿದ್ದ. ಮೂವತ್ತು ದಾಟಿದ ಹೆಂಗಸು ಬಾಗಿಲು ತೆಗೆದಳು, ಆಸ್ಪತ್ರೆಯಲ್ಲಿ ನರ್ಸಂತೆ. ಮೇಸ್ತ್ರಿ ಫ್ರಿಜ್ಜಿನ ಹಿಂದೆ ಕೂತು ತಿರುಪು ಬಿಚ್ಚುತ್ತಿದ್ದಾಗ ಅವಳು ತರಕಾರಿ ಹೆಚ್ಚುತ್ತ ಮೊಬೈಲಿನಲ್ಲಿ ಹಾಡು ಹಾಕಿದಳು. ಅವನ ಹೆಂಡತಿಯ ಎರಡನೆಯ ಹಾಡು. ಮೇಸ್ತ್ರಿಯ ಕೈ ಹಾಗೇ ನಿಂತಿತು.

"ಜೋರಾಯ್ತಾ ಅಣ್ಣ? ಕಮ್ಮಿ ಮಾಡ್ಲಾ?"

"ಬೇಡಮ್ಮ. ಸರಿಯಾಗಿದೆ."

"ನಮ್ಮ ಆಸ್ಪತ್ರೆ ಆಪರೇಟರಮ್ಮ ಹಾಡಿದ್ದು ಇದು. ಈಗಿಲ್ಲ ಪಾಪ. ನಾನು ಹೊಸದಾಗಿ ಸೇರಿದ್ದ ದಿನಗಳಲ್ಲಿ, ಊರಿಂದ ಫೋನ್ ಬಂದಿತ್ತು, ಅಪ್ಪ ಹೋದ್ರು ಅಂತ. ಆಪರೇಟರಮ್ಮ ಲೈನ್ ಕೊಟ್ಟು ಇಟ್ಟುಬಿಡಬಹುದಿತ್ತು. ಇಡ್ಲಿಲ್ಲ. ಎಲ್ಲಾ ಮುಗಿದ ಮೇಲೆ 'ಅಲ್ಲೇ ಕೂತಿರು ಮಗಳೇ, ಬರ್ತೀನಿ' ಅಂದ್ರು. ಎರಡು ಮಹಡಿ ಹತ್ತಿ ಬಂದು, ನನ್ನ ಪಕ್ಕ ಕೂತ್ಕೊಂಡು..." ಎಂದವಳು ಚಾಕು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರ ಮನೆಯವರಿಗೂ ಇದೆಲ್ಲ ಗೊತ್ತಿತ್ತೋ ಇಲ್ವೋ."

ಗೊತ್ತಿರಲಿಲ್ಲ. ಸ್ಲೇಟಿನ ಮೇಲೂ ಅದು ಬಂದಿರಲಿಲ್ಲ.

ಮೇಸ್ತ್ರಿ ತಿರುಪುಳಿಯನ್ನು ನೆಲದ ಮೇಲಿಟ್ಟು, ಫ್ರಿಜ್ಜಿನ ಹಿಂದಿನಿಂದ ಹೊರಗೆ ಬಂದ. ಅಂಗೈ ಒರೆಸಿಕೊಂಡು ಗೋಡೆಗೆ ಒರಗಿ ಕೂತ.

"ನಾನು ಅವರ ಮನೆಯವನಮ್ಮ," ಎಂದ. "ಆಮೇಲೆ ಏನಾಯ್ತು? ಹೇಳು, ಕೇಳ್ತೀನಿ."